ಉಪ್ಪುಗಾಳಿಯ ಊರಲ್ಲಿ ಕೋವಿಯ ನಳಿಗೆ

ನಮಸ್ಕಾರ. ಮಳೆ ಹಿಡಿದರೆ ನಮ್ಮ ಉಡುಪಿಯಲ್ಲಿ ಚಿಲಕಕ್ಕೂ ತುಕ್ಕು, ಕತ್ತಿಗೂ ತುಕ್ಕು. ಕಪಾಟಿನಲ್ಲಿರುವ ಕೋವಿಯನ್ನು ಅದು ಬಿಡುತ್ತದಾ?

ಬೇಟೆಯ ಮಾತು ಬೇಡ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ನಾನು ಹೇಳುತ್ತಿರುವುದು ಬೆಳೆ ರಕ್ಷಣೆಗೆ ಲೈಸನ್ಸ್ ಪಡೆದ ತೋಟದ ಮನೆಯ ಕೋವಿ ಬಗ್ಗೆ. ನಳಿಗೆ ಕಪ್ಪು-ನೀಲಿ ಉಕ್ಕಿನದ್ದಿರಬೇಕಾ, ಸ್ಟೇನ್‌ಲೆಸ್ ಇರಬೇಕಾ? ಹೊರದೇಶದ ಬೇಟೆಗಾರರು ರೈಫಲ್ ಕೊಳ್ಳುವಾಗ ಕೇಳುವ ಪ್ರಶ್ನೆಯೇ ಇದು.

ಆ ಕಪ್ಪು-ನೀಲಿ ಬಣ್ಣವನ್ನು ಬಳಿದದ್ದು ಅಂತ ಹಲವರು ತಿಳಿದಿದ್ದಾರೆ. ಕಾಸ್ಟಿಕ್ ಸೋಡಾ, ನೈಟ್ರೇಟ್ ಉಪ್ಪು ಬೆರೆಸಿದ ನೀರನ್ನು ಸುಮಾರು 140 ಡಿಗ್ರಿಗೆ ಕುದಿಸಿ ನಳಿಗೆಯನ್ನು ಮುಳುಗಿಸುತ್ತಾರೆ. ಉಕ್ಕಿನ ಮೈಯೇ ಕಪ್ಪಾಗುತ್ತದೆ. ಒಂದು ಲೆಕ್ಕದಲ್ಲಿ ಅದೂ ತುಕ್ಕೇ, ಆದರೆ ಮೈಗೆ ಅಂಟಿ ನಿಲ್ಲುವ ತುಕ್ಕು. ಪದರ ತೀರಾ ತೆಳು. ಎಣ್ಣೆ ಹಿಡಿದಿಟ್ಟುಕೊಳ್ಳುವುದೇ ಅದರ ದೊಡ್ಡ ಉಪಕಾರ. ಎಣ್ಣೆ ಆರಿತೋ, ಕೆಂಪು ತುಕ್ಕು ಶುರು.

ಸ್ಟೇನ್‌ಲೆಸ್ ಉಕ್ಕಿನ ಹುಟ್ಟಿಗೂ ನಳಿಗೆಗೂ ನಂಟಿದೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಲೋಹತಜ್ಞ ಹ್ಯಾರಿ ಬ್ರಿಯರ್ಲಿ ಹುಡುಕುತ್ತಿದ್ದದ್ದು ಸುಲಭಕ್ಕೆ ಸವೆಯದ ರೈಫಲ್ ನಳಿಗೆಯನ್ನು. ಇವತ್ತು ನಳಿಗೆಗೆ ಬಳಸುವ 416 ಜಾತಿಯ ಸ್ಟೇನ್‌ಲೆಸ್‌ನಲ್ಲಿ ಕ್ರೋಮಿಯಂ ಶೇಕಡಾ 12ರಿಂದ 14. ಗೀರು ಬಿದ್ದರೂ ಕ್ರೋಮಿಯಂನಿಂದಾದ ಕಾಪಾಡುವ ಪದರ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಹಾಗಂತ ಅಡುಗೆಮನೆಯ ಸ್ಟೀಲ್ ಪಾತ್ರೆಯಷ್ಟು ಗಟ್ಟಿಗ ಅಲ್ಲ. ಸಲೀಸಾಗಿ ಕೊರೆಯಲೆಂದು ಅದಕ್ಕೆ ಗಂಧಕ ಸೇರಿಸಿರುತ್ತಾರೆ. ಉಪ್ಪುಗಾಳಿ ತಾಗುತ್ತಲೇ ಇದ್ದರೆ ಸಣ್ಣ ಸಣ್ಣ ಗುಳಿ ಬೀಳುತ್ತವೆ.

ಆದರೂ ಆಯ್ಕೆ ಸಿಕ್ಕರೆ ನಾನು ಸ್ಟೇನ್‌ಲೆಸ್ ತಗೊಳ್ಳುತ್ತೇನೆ. ಕಾರಣ ಚುನಾವಣೆ! 2024ರ ಲೋಕಸಭೆ ಚುನಾವಣೆಗೆ ನೀತಿ ಸಂಹಿತೆ ಮಾರ್ಚ್ 16ಕ್ಕೆ ಬಂತು, ಹೋದದ್ದು ಜೂನ್ ಮೊದಲ ವಾರ. ಚುನಾವಣೆಗೆಂದು ಒಪ್ಪಿಸಿದ ಅಪ್ಪನ ಕೋವಿ ಅಷ್ಟೂ ದಿನ ಪೊಲೀಸರ ಬಳಿ ಠೇವಣಿಯಲ್ಲಿತ್ತು. ಮೂವತ್ತು ವರ್ಷ ಅಪ್ಪ ತೆಂಗಿನ ಹಿಂಡಿಯ ಮೂಟೆಗಿಂತ ಜೋಪಾನವಾಗಿ ನೋಡಿಕೊಂಡ ಕೋವಿ ಅದು. ವಾಪಸು ಬಂದಾಗ ನಳಿಗೆಯ ಅಡಿಯಲ್ಲಿ ಬೆರಳಗಲದ ಕೆಂಪು ಕಲೆ. ಉಜ್ಜಿದೆವು, ಕಲೆ ಹೋಯಿತು, ಗುಳಿ ಉಳಿಯಿತು. ಅಪ್ಪ ಆ ದಿನ ಜಾಸ್ತಿ ಮಾತಾಡಲಿಲ್ಲ.

ಮನೆಯಲ್ಲೇ ಇರುವ ಕೋವಿಗಾದರೆ ಕಪ್ಪು-ನೀಲಿ ನಳಿಗೆ ಧಾರಾಳ ಸಾಕು. ವಾರಕ್ಕೊಮ್ಮೆ ಎಣ್ಣೆಬಟ್ಟೆ ಎಳೆಯಿರಿ. ಚರ್ಮದ ಚೀಲದಲ್ಲಿ ಇಡಲೇಬೇಡಿ, ಅದು ತೇವ ಹಿಡಿಯುತ್ತದೆ. ಠೇವಣಿ ಇಟ್ಟ ಕೋವಿಗೆ ಹದಿನೈದು ದಿನಕ್ಕೊಮ್ಮೆ ಅಲ್ಲೇ ಕೂತು ಎಣ್ಣೆ ಹಚ್ಚಲು ರೈತನಿಗೆ ಬಿಡಬೇಕು. ಹತ್ತು ನಿಮಿಷದ ಕೆಲಸ ಅಲ್ವಾ?