ಮೊದಲು ಗಾಡಿ, ಆಮೇಲೆ ಸೆಟ್ಟು

ಕೇಳುಗರಿಗೆ ನಮಸ್ಕಾರ.

ಊರೂರು ತಿರುಗುವ ನಾಟಕಕ್ಕೆ ಸೆಟ್ ಮಾಡಿಕೊಡಿ ಅಂತ ಯಾರಾದರೂ ಬಂದರೆ, ನಾನು ಮೊದಲು ಕಥೆ ಕೇಳುವುದಿಲ್ಲ. ಗಾಡಿ ಯಾವುದು ಅಂತ ಕೇಳುತ್ತೇನೆ. ನಿರ್ದೇಶಕರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಏನು ಮಾಡುವುದು? ಮೈಸೂರು, ಮಂಡ್ಯ ಕಡೆಯ ಸಣ್ಣ ತಂಡಗಳ ಕೈಗೆಟುಕುವುದು ಟಾಟಾ ಏಸ್‌ನಂಥ ಗಾಡಿ. ಅದರ ಹಿಂದಿನ ಬಾಡಿ ಸುಮಾರು 7 ಅಡಿ ಉದ್ದ. ಅಗಲ 5 ಅಡಿಗೂ ಸ್ವಲ್ಪ ಕಡಿಮೆ. ಅಂಗಡಿಯಲ್ಲಿ ಸಿಗುವ ಪ್ಲೈವುಡ್ ಶೀಟು 8 ಅಡಿಗೆ 4 ಅಡಿ. ಹಾಗೇ ಮಲಗಿಸಿದರೆ ಒಂದಡಿ ಹೊರಗೇ ಚಾಚಿಕೊಂಡಿರುತ್ತದೆ. ಅದಕ್ಕೇ ನನ್ನ ಲೆಕ್ಕದಲ್ಲಿ ಯಾವ ತುಂಡೂ 6 ಅಡಿ ದಾಟಬಾರದು. ಅದಕ್ಕಿಂತ ಎತ್ತರ ಬೇಕಾದರೆ ಎರಡು ತುಂಡು ಮಾಡಿ, ಹೋದ ಊರಲ್ಲಿ ಜೋಡಿಸಬೇಕು.

ಕಂಪನಿ ನಾಟಕದವರ ಮಾತು ಬೇರೆ. ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ ಆಡಿದಾಗ ರಂಗದ ಮೇಲೆ ಆನೆ, ಕುದುರೆಗಳೇ ಬಂದವು. ಆದರೆ ಕಂಪನಿಗಳು ಒಂದೂರಲ್ಲಿ ಕ್ಯಾಂಪ್ ಹಾಕಿದರೆ ತಿಂಗಳುಗಟ್ಟಲೆ ಕದಲುತ್ತಿರಲಿಲ್ಲ. 1985ರಲ್ಲಿ ಶುರುವಾದ, ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ‘ತಿರುಗಾಟ’ದ ಥರದ ಓಡಾಟದಲ್ಲಿ ಇವತ್ತು ಒಂದೂರು, ನಾಳೆ ಇನ್ನೊಂದು. ಇನ್ನು ಮಂಡ್ಯದ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವವರು ಸೀನರಿಯನ್ನೇ ಬಾಡಿಗೆಗೆ ತರುತ್ತಾರೆ. ಅರಮನೆ, ಕಾಡು, ಬೀದಿ ಎಲ್ಲಾ ಬಣ್ಣ ಬಳಿದ ಪರದೆಗಳು. ಸುತ್ತಿಟ್ಟರೆ ಇಡೀ ಅರಮನೆ ಹೆಗಲ ಮೇಲೆ ಹೋಗುತ್ತದೆ. ಸಾಗಾಟದ ಮಟ್ಟಿಗೆ ಇದಕ್ಕಿಂತ ಜಾಣ ಉಪಾಯ ನಾನು ಕಂಡಿಲ್ಲ. ನಮ್ಮ ಹೊಸ ನಾಟಕದವರು ಸುಮ್ನೆ ಮೂಗು ಮುರಿಯುತ್ತಾರೆ.

ಗಾಡಿ ಗೊತ್ತಾದ ಮೇಲೆ ಕೇಳುವುದು, ಹೋಗುವ ಊರುಗಳಲ್ಲಿ ಎಲ್ಲಕ್ಕಿಂತ ಚಿಕ್ಕ ರಂಗ ಯಾವುದು ಅಂತ. ಮೈಸೂರಿನ ಕಲಾಮಂದಿರದ ಅಳತೆಗೆ ಮಾಡಿದ್ದು ಹಳ್ಳಿ ಶಾಲೆಯ ಜಗುಲಿ ಮೇಲೆ ಹಿಡಿಸುವುದಿಲ್ಲ. ಜಗುಲಿಗೆ ಮಾಡಿದ್ದನ್ನು ಕಲಾಮಂದಿರದಲ್ಲಿ ನಟ್ಟನಡುವೆ ಇಟ್ಟು, ಬೆಳಕನ್ನು ಅಷ್ಟಕ್ಕೇ ಕಟ್ಟಿಹಾಕಬಹುದು. ಬಯಲಲ್ಲಿ ಏನನ್ನಾದರೂ ತೂಗುಹಾಕೋಣ ಅಂದರೆ ಮೇಲೆ ಕಂಬಿ ಇಲ್ಲ. ಸಿಮೆಂಟ್ ನೆಲಕ್ಕೆ ಮೊಳೆ ಇಳಿಯಲ್ಲ. ಎರಡು ಚೌಕಟ್ಟುಗಳಿಗೆ ಕೀಲು ಹಾಕಿ, ಅರ್ಧ ತೆರೆದ ಪುಸ್ತಕದ ಹಾಗೆ ನಿಲ್ಲಿಸಿ, ಹಿಂದೆ ಒಂದೊಂದು ಮರಳಿನ ಚೀಲ ಇಡಬೇಕು. ಆದರೆ ಚೌಕಟ್ಟಿಗೆ ಬಟ್ಟೆ ಬಿಗಿದಿದ್ದರೆ ಗಾಳಿ ಬಿಡಲ್ಲ. ಏಪ್ರಿಲ್, ಮೇ ಸಂಜೆ ಮಳೆಗೆ ಮುಂಚೆ ಹೇಗೆ ಬೀಸುತ್ತದೆ, ಗೊತ್ತಲ್ವಾ? ಅದಕ್ಕೇ ಬಟ್ಟೆಯ ಬದಲು ಬಿದಿರಿನ ತಟ್ಟಿ. ಮೈಸೂರಿನ ಬಂಬೂ ಬಜಾರ್‌ನಲ್ಲಿ ಹೇಳಿ, ಹೆಣಿಗೆಯನ್ನು ಸ್ವಲ್ಪ ಸಡಿಲ ಬಿಡಿಸಿಕೊಳ್ಳಿ. ಗಾಳಿ ಸಂದಿಯಲ್ಲಿ ತೂರಿ ಹೋಗುತ್ತದೆ. ಹಿಂದಿನಿಂದ ಬೆಳಕು ಬಿಟ್ಟರೆ ನೆಲದ ಮೇಲೆ ಪಟ್ಟೆ ಪಟ್ಟೆ ನೆರಳು ಬೇರೆ.

ಈಗ ಬಾಗಿಲು. ಮನೆ ಅಂದ ಕೂಡಲೇ ಎಲ್ಲರಿಗೂ ಬಾಗಿಲು ಬೇಕು. ತೆಳು ಗೋಡೆಗೆ ಬಾಗಿಲು ಕೂರಿಸಿ, ನಟ ಸಿಟ್ಟಲ್ಲಿ ದಡಾರ್ ಅಂತ ಹಾಕಿಕೊಂಡರೆ ಇಡೀ ಮನೆ ಅಲ್ಲಾಡುತ್ತದೆ. ಅಳಬೇಕಾದ ಜನ ನಗುತ್ತಾರೆ. ನಾನು ಬಾಗಿಲು, ಗೋಡೆ ಎರಡನ್ನೂ ಬಿಟ್ಟು ಹೊಸ್ತಿಲು ಮಾತ್ರ ಮಾಡಿಸುತ್ತೇನೆ. 3 ಅಡಿ ಉದ್ದ, 4 ಅಂಗುಲ ಎತ್ತರದ ಮರದ ತುಂಡು. ಮೇಲೆ ಅರಿಸಿನ ಬಳಿದು ಕುಂಕುಮ ಇಡುವುದು. ಜಾರದಿರಲಿ ಅಂತ ಅಡಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ. ಸೊಸೆ ಸೆರಗು ಸರಿ ಮಾಡಿಕೊಂಡು, ಕಾಲೆತ್ತಿ ದಾಟಿದಳೋ, ಮನೆಯೊಳಗೆ ಬಂದಳು. ಅವಳ ಅಪ್ಪ ದಾಟದೆ ಅಲ್ಲೇ ನಿಂತು ‘ಚೆನ್ನಾಗಿದ್ದೀಯೇನವ್ವ’ ಅಂದರೆ, ಆ ಮನೆಗೂ ಅವನಿಗೂ ಏನು ನಡೆದಿದೆ ಅಂತ ಜನಕ್ಕೆ ಅರ್ಧ ತಿಳಿದುಹೋಗುತ್ತದೆ. ಒಂದೇ ಷರತ್ತು, ಪ್ರತಿ ಸಲವೂ ಎಲ್ಲರೂ ದಾಟಿಯೇ ಬರಬೇಕು. ಒಬ್ಬ ಮರೆತು ಪಕ್ಕದಿಂದ ನುಗ್ಗಿದರೆ ಮುಂದೆ ಕೂತ ಅಜ್ಜಿ, ‘ಅಯ್ಯೋ, ಗ್ವಾಡೆ ಒಡ್ಕೊಂಡ್ ಬಂದ ನೋಡ್ರವ್ವ’ ಅನ್ನದೆ ಬಿಡುವುದಿಲ್ಲ. ಹಾಗಾಗಿ ತಾಲೀಮಿನ ಮೊದಲ ದಿನದಿಂದಲೇ ಹೊಸ್ತಿಲು ಅಲ್ಲಿರಬೇಕು. ಕೊನೇ ವಾರ ತಂದರೆ ಕಾಲಿಗೆ ಅಭ್ಯಾಸ ಆಗಲ್ಲ.

ಕುರ್ಚಿ, ಮಂಚಕ್ಕೆ ಒಂದೂವರೆ ಅಡಿಯ ಚೌಕ ಪೆಟ್ಟಿಗೆಗಳು ಸಾಕು. ಅದು ಕೂರುವ ಎತ್ತರ. ಎರಡು ಸೇರಿದರೆ ಬೆಂಚು, ನಾಲ್ಕು ಸೇರಿದರೆ ಮಲಗಬಹುದು. ದಾರಿಯಲ್ಲಿ ಅವುಗಳೊಳಗೇ ಉಡುಪು, ವೈರು, ಬಣ್ಣದ ಡಬ್ಬಿ ಎಲ್ಲಾ.

ಇನ್ನು ಬಿಚ್ಚುವ ಕೆಲಸ. ಬೋಲ್ಟುಗಳೆಲ್ಲ ಒಂದೇ ಅಳತೆಯವು ಇರಲಿ. ಕೈಯಲ್ಲೇ ತಿರುಗಿಸುವ ವಿಂಗ್ ನಟ್ಟು ಹಾಕಿದರೆ ಸ್ಪ್ಯಾನರ್ ಹುಡುಕುವ ತಾಪತ್ರಯ ಇಲ್ಲ. ತುಂಡುಗಳ ಹಿಂದೆ ದೊಡ್ಡದಾಗಿ ನಂಬರ್ ಬರೆಯಿರಿ. ಯಾಕೆಂದರೆ ಬಿಚ್ಚುವಾಗ ರಾತ್ರಿ ಹನ್ನೊಂದಾಗಿರುತ್ತದೆ, ಲೈಟಿನವರು ಆಗಲೇ ವೈರು ಸುತ್ತುತ್ತಿರುತ್ತಾರೆ. ಮರುದಿನ ಮೊದಲು ಬೇಕಾದ್ದು ಗಾಡಿಗೆ ಕೊನೆಗೆ ಏರಲಿ. ತಟ್ಟಿ ಮೇಲೆ ಟಾರ್ಪಾಲು ಬಿಗಿಯಿರಿ. ಇದೆಲ್ಲ ಊಟಕ್ಕೆ ಮುಂಚೆಯೇ ಮುಗಿಯಬೇಕು. ಮಂಡ್ಯದ ಕಡೆ ಮುದ್ದೆ, ಬಸ್ಸಾರು ಉಂಡ ಮೇಲೆ ಯಾವ ನಟನನ್ನೂ ಎಬ್ಬಿಸೋಕಾಗಲ್ಲ.