ಇಬ್ಬರು ಹೆಂಡಿರನ್ನು ಕಟ್ಟಿಕೊಂಡು ಪ್ಯಾರಿಸ್‌ಗೆ

ನಮಸ್ಕಾರ. ಯಹೂದಿಗಳ ಚರಿತ್ರೆಯ ಕಾದಂಬರಿ ಅಂದಕೂಡಲೇ ನಮ್ಮ ಮನಸ್ಸು ಓಡೋದು ಒಂದೋ ಜೆರುಸಲೇಮ್‌ಗೆ, ಇಲ್ಲಾ ಹಿಟ್ಲರನ ಯಾತನಾ ಶಿಬಿರಕ್ಕೆ. ಇಸ್ರೇಲಿ ಲೇಖಕ ಎ. ಬಿ. ಯೆಹೋಶುವ ಅವರ ‘ಎ ಜರ್ನಿ ಟು ದಿ ಎಂಡ್ ಆಫ್ ದಿ ಮಿಲೆನಿಯಮ್’ ಇವೆರಡನ್ನೂ ಬಿಟ್ಟು ಸೀದಾ ಸಮುದ್ರಕ್ಕಿಳಿಯುತ್ತೆ. ಹೀಬ್ರೂನಲ್ಲಿ 1997ರಲ್ಲಿ ಬಂದದ್ದು, ನಾನು ಓದ್ತಿರೋದು ಇಂಗ್ಲಿಷ್ ಅನುವಾದ. ಇನ್ನೂ ಮೊದಲ ಭಾಗದಲ್ಲೇ ಇದೀನಿ. ಹಾಗಾಗಿ ಇದನ್ನ ವಿಮರ್ಶೆ ಅಂದ್ಕೋಬೇಡಿ.

999ರ ಬೇಸಿಗೆ. ರಾತ್ರಿ ಎರಡನೇ ಜಾವ. ಹಡಗಿನಲ್ಲಿ ಮಲಗಿರೋ ಬೆನ್ ಅತ್ತಾರ್‌ನನ್ನು ಯಾರೋ ಮೆಲ್ಲಗೆ ಸವರಿ ಎಬ್ಬಿಸ್ತಾರೆ. ಮೊದಲನೇ ಹೆಂಡತಿ ಇರಬೇಕು ಅಂತ ಮುತ್ತಿಡೋಕೆ ಕೈ ಹಿಡಿದ್ರೆ, ಅದು ಗಂಡಸಿನ ಕೈ! ಆಳು ಹುಡುಗ. ನಕ್ಕುಬಿಟ್ಟೆ. ಹೀಗೆ ನಗಿಸ್ತಾನೇ, ಇವನಿಗೆ ಇನ್ನೊಬ್ಬ ಹೆಂಡತಿ ಇದಾಳೆ ಅಂತಾನೂ ಲೇಖಕರು ನಮ್ಮ ಕಿವಿಗೆ ಹಾಕಿಬಿಟ್ಟರು, ನೋಡಿ. ಕಥೆಯ ತಂಟೆಯೆಲ್ಲಾ ಅಲ್ಲೇ ಇರೋದು.

ಬೆನ್ ಅತ್ತಾರ್ ಉತ್ತರ ಆಫ್ರಿಕಾದ, ಈಗಿನ ಮೊರಾಕ್ಕೋದ, ಟ್ಯಾಂಜಿಯರ್ ಬಂದರಿನ ಯಹೂದಿ ಸಾಹುಕಾರ. ಮುಸ್ಲಿಂ ಆಳ್ವಿಕೆಯ ಆ ಸೀಮೆಯಲ್ಲಿ ಯಹೂದಿಗೂ ಇಬ್ಬರು ಹೆಂಡಿರಿದ್ರೆ ಯಾರೂ ಹುಬ್ಬೇರಿಸಲ್ಲ. ಪ್ಯಾರಿಸ್‌ನಲ್ಲಿರೋ ಸೋದರಳಿಯ ಅಬುಲಾಫಿಯಾ ಇವನ ವ್ಯಾಪಾರದ ಪಾಲುದಾರ. ಅವನು ಮದುವೆಯಾದ, ಜರ್ಮನಿಯ ರೈನ್ ನದಿ ಸೀಮೆಯ ಹೆಂಗಸಿಗೆ ಈ ಎರಡು ಮದುವೆ ಅಂದ್ರೆ ಅಸಹ್ಯ. ಪಾಲುದಾರಿಕೆ ಮುರಿದುಬೀಳುತ್ತೆ. ಸಾಹುಕಾರ ಬಿಡ್ತಾನಾ? ಇಬ್ಬರು ಹೆಂಡಿರು, ಅರಬ್ ಪಾಲುದಾರ ಅಬು ಲುತ್ಫಿ, ವಾದ ಮಾಡೋಕೆ ಸ್ಪೇನಿನ ಸೆವಿಲ್‌ನ ಒಬ್ಬ ರಬ್ಬಿ (ಯಹೂದಿ ಧರ್ಮಗುರು), ಎಲ್ಲರನ್ನೂ ಹಡಗು ಹತ್ತಿಸಿ ಹೊರಟೇಬಿಡ್ತಾನೆ. ಜಗಳ ಯಹೂದಿಗೂ ಶತ್ರುವಿಗೂ ಅಲ್ಲ, ಯಹೂದಿಗೂ ಯಹೂದಿಗೂ. ನನ್ನನ್ನ ಹಿಡಿದು ಕೂರಿಸಿದ್ದು ಇದೇ.

ಜರ್ಮನಿಯ ಮೈನ್ಸ್ ಊರಿನ ರಬ್ಬಿ ಗೆರ್ಷೋಮ್ ಬಹುಪತ್ನಿತ್ವಕ್ಕೆ ಬಹಿಷ್ಕಾರ ಹಾಕಿದ್ದೂ ಸುಮಾರು 1000ದ ಹೊತ್ತಿಗೇ ಅಂತ ಸಂಪ್ರದಾಯ ಹೇಳುತ್ತೆ. ಕ್ರೈಸ್ತರಿಗೆ ಸಾವಿರ ವರ್ಷ ತುಂಬೋ ಕಾಲ. ಯಹೂದಿ ಲೆಕ್ಕದಲ್ಲಿ ಅದು ಬರೀ 4759, ಮುಸ್ಲಿಮರ ಹಿಜರಿ ಲೆಕ್ಕದಲ್ಲಿ 389. ಲೇಖಕರ ತಾಯಿ ಮೊರಾಕ್ಕೋದವರು. ಕಥೆ ದಕ್ಷಿಣದವರ, ಅಂದ್ರೆ ಬೆನ್ ಅತ್ತಾರ್‌ನ ಕಡೆಯವರ, ಕಡೆಗೆ ಸ್ವಲ್ಪ ವಾಲಿದೆ ಅಂತ ನನಗನ್ನಿಸೋಕೆ ಅದೂ ಕಾರಣ ಇರಬಹುದು.

ಅಂದಹಾಗೆ, ಇಂಥ ವ್ಯಾಪಾರಿಗಳು ನಮಗೇನೂ ಹೊರಗಿನವರಲ್ಲ. ಟ್ಯುನೀಸಿಯಾದ ಮಹ್ದಿಯಾ ಊರಿನ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ ಮಂಗಳೂರಲ್ಲಿ ವರ್ಷಗಟ್ಟಲೆ ಇದ್ದ. ಮೆಣಸು, ಅಡಿಕೆ ವ್ಯಾಪಾರ ಮಾಡ್ಕೊಂಡು, ಕಂಚಿನ ಪಾತ್ರೆ ಮಾಡಿಸ್ಕೊಂಡು. ಅವನ ಪತ್ರಗಳು ಕೈರೋದ ಒಂದು ಸಿನಗಾಗ್‌ನಲ್ಲಿ (ಯಹೂದಿ ಪ್ರಾರ್ಥನಾ ಮಂದಿರದಲ್ಲಿ) ಉಳಿದುಬಂದವು.

ತಕರಾರೂ ಇದೆ. ಪಾತ್ರಗಳು ನೇರವಾಗಿ ಮಾತೇ ಆಡಲ್ಲ. ಯಾರು ಏನಂದ್ರು ಅನ್ನೋದನ್ನ ಲೇಖಕರೇ ಉದ್ದುದ್ದ ವಾಕ್ಯಗಳಲ್ಲಿ ಹೇಳ್ತಾರೆ. ರಾತ್ರಿ ಊಟ ಮುಗಿಸಿ ಹಿಡಿದ್ರೆ ತೂಕಡಿಕೆ ಗ್ಯಾರಂಟಿ. ಇನ್ನೊಂದು, ಯಾರಿಗೋಸ್ಕರ ಇಷ್ಟು ದೂರ ಹಡಗು ಹೊರಟಿದೆಯೋ ಆ ಇಬ್ಬರಿಗೆ ಹೆಸರೇ ಇಲ್ಲ. ಮೊದಲನೇ ಹೆಂಡತಿ, ಎರಡನೇ ಹೆಂಡತಿ, ಅಷ್ಟೇ. ವಿರೋಧಿಸೋ ಪ್ಯಾರಿಸ್‌ನವಳಿಗೆ ಮಾತ್ರ ಎಸ್ತರ್-ಮಿನ್ನಾ ಅಂತ ಚೆಂದದ ಹೆಸರು. ಬೇಕಂತಲೇ ಹೀಗೆ ಮಾಡಿದಾರೆ ಅನ್ನೋದು ನನ್ನ ಗುಮಾನಿ. ಆ ಎರಡನೆಯವಳು ಬಾಯಿಬಿಟ್ಟು ತನಗೇನು ಬೇಕು ಅಂತ ಹೇಳೋವರೆಗೂ ನಾನಂತೂ ಪುಸ್ತಕ ಕೆಳಗಿಡಲ್ಲ.