ಕಿಡ್ನಿಯೊಳಗೆ ಕ್ಯಾಮೆರಾ ಹೋಯಿತು, ಕಾಟ ಕೊಟ್ಟದ್ದು ಬೇರೆಯೇ | ಮಂಗಳೂರು ವ್ಲಾಗ್

ನಮಸ್ಕಾರ. ಇದು ಪಂಪ್‌ವೆಲ್. ಎಂದಿನಂತೆ ಬ್ಲಾಕ್. ಹಾರ್ನ್ ಸದ್ದಿನಲ್ಲಿ ನನ್ನ ಮಾತು ಒಂದೂ ಕೇಳುತ್ತಿರಲಿಲ್ಲ, ಅದಕ್ಕೇ ಮನೆಯಲ್ಲಿ ಕೂತು ಧ್ವನಿ ಕೊಡುತ್ತಿದ್ದೇನೆ. ನನ್ನ ಕಿಡ್ನಿ ಕಲ್ಲು ತೆಗೆಸಿದ ಕತೆ ಇದು. ಯಾವ ಆಸ್ಪತ್ರೆ ಅಂತ ಕೇಳಬೇಡಿ, ಹೇಳುವುದಿಲ್ಲ. ಅಡ್ಮಿಷನ್, ಸೂಜಿ, ಹಸಿರು ಗೌನು ಎಲ್ಲ ಕಾಣುತ್ತಿದೆಯಲ್ಲ, ಬಿಡುವ.

ಸ್ಕ್ಯಾನ್‌ನಲ್ಲಿ ಬೆಳ್ಳಗೆ ಕಾಣುವ ಚುಕ್ಕೆಯೇ ಕಲ್ಲು. ಎಡ ಕಿಡ್ನಿಯ ಕೆಳಗಿನ ಮೂಲೆ, 9 ಮಿಲಿಮೀಟರ್. 2 ಸೆಂಟಿಮೀಟರ್‌ಗಿಂತ ದೊಡ್ಡದಾದರೆ ಸಾಮಾನ್ಯವಾಗಿ ಬೆನ್ನಿನಲ್ಲಿ ಸಣ್ಣ ತೂತು ಮಾಡಿ ಒಳಗೆ ಹೋಗುತ್ತಾರೆ, ಪಿ.ಸಿ.ಎನ್.ಎಲ್. ಅಂತ. ನನ್ನದಕ್ಕೆ ಆರ್.ಐ.ಆರ್.ಎಸ್. ಗಾಯವೇ ಇಲ್ಲ. ಮೂತ್ರದ ದಾರಿಯಲ್ಲೇ ಸ್ಕೋಪ್, ಅಂದರೆ ಕ್ಯಾಮೆರಾ ಇರುವ ಸಪೂರ ಕೊಳವೆ ಹಾಕಿ, ಮೂತ್ರಕೋಶ ದಾಟಿ, ಮೂತ್ರನಾಳದಲ್ಲಿ ಮೇಲೆ ಹತ್ತಿ ಕಿಡ್ನಿಗೆ. ನಮ್ಮ ದೊಡ್ಡಪ್ಪನ ಪಕ್ಕೆಯಲ್ಲಿ ಈಗಲೂ ಗೇಣುದ್ದದ ಹೊಲಿಗೆ ಗುರುತು ಇದೆ. ಹಳೇ ಕಾಲದ ಆಪರೇಷನ್. ಅಷ್ಟು ಹಳೇದೂ ಅಲ್ಲ ಅನ್ನಿ, ಬೆನ್ನಿನ ತೂತಿನಿಂದ ಕಲ್ಲು ತೆಗೆಯುವ ಕೆಲಸವನ್ನು ಸ್ವೀಡನ್ನಿನ ಡಾಕ್ಟರುಗಳಾದ ಫರ್ನ್‌ಸ್ಟ್ರೋಮ್ ಮತ್ತು ಯೋಹಾನ್ಸನ್ 1976ರಲ್ಲೇ ಪ್ರಕಟಿಸಿದ್ದರು. ದೊಡ್ಡಪ್ಪನವರೆಗೆ ಅದು ಬಂದು ಮುಟ್ಟಲಿಲ್ಲ, ಅಷ್ಟೇ.

ಈಗ ಇದು ಪೆನ್‌ಡ್ರೈವ್‌ನಲ್ಲಿ ಕೊಟ್ಟ ವಿಡಿಯೋ. ಊಟ ಮಾಡುತ್ತಿದ್ದರೆ ಮುಂದೆ ಓಡಿಸಿ. ಸ್ಕೋಪ್ ಸುಮಾರು 3 ಮಿಲಿಮೀಟರ್ ದಪ್ಪ. ತುದಿ ಎರಡೂ ಕಡೆ 270 ಡಿಗ್ರಿಯಷ್ಟು ಬಗ್ಗುತ್ತದೆ. ನೋಡಿ, ಬಗ್ಗಿತು. ಅಲ್ಲಿ ಕಂದು ಬಣ್ಣದ್ದು ಕಾಣುತ್ತದಲ್ಲ, ಅವನೇ! ಸಪೂರ ತಂತಿಯ ಬುಟ್ಟಿ ಬಂತು. ಕಲ್ಲನ್ನು ಹಿಡಿದು ಕಿಡ್ನಿಯದೇ ಮೇಲಿನ ಕೋಣೆಗೆ ಸಾಗಿಸುತ್ತಾರೆ, ಅಲ್ಲಿ ಸ್ಕೋಪ್ ಅಷ್ಟು ಬಗ್ಗಬೇಕಾಗಿಲ್ಲ. ಸ್ಕೋಪ್ ಪೂರ್ತಿ ಬಗ್ಗಿದ್ದಾಗ ಲೇಸರ್ ಬಿಟ್ಟರೆ ಸ್ಕೋಪಿಗೇ ಪೆಟ್ಟು, ಅದರ ರೇಟು ಕೇಳಿದರೆ ಕಲ್ಲು ಹಾಗೇ ಇರಲಿ ಅನ್ನಿಸುತ್ತದೆ. ಈಗ ಲೇಸರ್. ಹಸಿರು ಚುಕ್ಕೆ ಬರೀ ಗುರಿ ತೋರಿಸುವುದು, ಒಡೆಯುವ ಹೋಲ್ಮಿಯಂ ಲೇಸರ್ ಕಣ್ಣಿಗೆ ಕಾಣುವುದಿಲ್ಲ. ಕಲ್ಲು ಪುಡಿಯಾಗುತ್ತಾ ಒಳಗೆ ಬಿಡುವ ಸಲೈನ್ ನೀರು ಅಕ್ಕಿ ತೊಳೆದ ನೀರಿನ ಹಾಗೆ ಕಲಕಿಹೋಯಿತು. ಡಾಕ್ಟರು ಸುಮ್ನೆ ಕಾಯುತ್ತಿದ್ದಾರೆ. ತಿಳಿಯಾಯಿತು. ಮತ್ತೆ ಶುರು.

ಇಷ್ಟೆಲ್ಲ ಚಂದ ಕಂಡದ್ದು ಎರಡನೇ ಸಲ ಹೋದಾಗ. ಮೊದಲ ಸಲ ಎಂತಾಯಿತು ಗೊತ್ತುಂಟಾ? ಮೂತ್ರನಾಳ ಬಿಗಿ. ಸ್ಕೋಪ್ ಹತ್ತಲೇ ಇಲ್ಲ. ಒತ್ತಿ ನುಗ್ಗಿಸಿದರೆ ನಾಳ ಹರಿಯುತ್ತದೆ, ಹಾಗಾಗಿ ನಾಳದೊಳಗೆ ಡಿ.ಜೆ. ಸ್ಟೆಂಟ್ ಅಂತ ಒಂದು ನಳಿಗೆ ಹಾಕಿ ವಾಪಸ್ ಕಳಿಸಿದರು. ಕಲ್ಲು ಒಳಗೇ, ಬಿಲ್ಲು ಹೊರಗೆ! ಸ್ಟೆಂಟ್ ಇದ್ದರೆ ನಾಳ ತಾನಾಗಿ ಸಡಿಲವಾಗುತ್ತದಂತೆ. ಆಗ ಡಾಕ್ಟರ ಮೇಲೆ ಸಿಟ್ಟು ಬಂದದ್ದು ಸುಳ್ಳಲ್ಲ. ಈಗ ಅನ್ನಿಸುತ್ತದೆ, ನಿಲ್ಲಿಸಿದ್ದೇ ಒಳ್ಳೆಯದಾಯಿತು.

ಆದರೆ ಆ ಸ್ಟೆಂಟ್ ಮಾರಾಯ್ರೇ! 2 ಮಿಲಿಮೀಟರ್ ದಪ್ಪ, 26 ಸೆಂಟಿಮೀಟರ್ ಉದ್ದದ ಪ್ಲಾಸ್ಟಿಕ್ ನಳಿಗೆ. ಒಂದು ಸುರುಳಿ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ. ಸಿಸ್ಟರ್ ಹೇಳಿದ್ದು, ‘ಸ್ವಲ್ಪ ಉರಿ ಇರ್ತದೆ ಅಷ್ಟೇ.’ ಸ್ವಲ್ಪವಾ? ಮೂತ್ರಕ್ಕೆ ಹೋದಾಗಲೆಲ್ಲ ಒತ್ತಡ ಆ ನಳಿಗೆಯಲ್ಲೇ ಹಿಂದೆ ಹತ್ತಿ ಬೆನ್ನಿಗೆ ಹೊಡೆಯುತ್ತದೆ. ಹೋಗಿ ಬಂದು ಕೂತರೆ ಮತ್ತೆ ಹೋಗಬೇಕು. ಸುರತ್ಕಲ್ ಸಿಟಿ ಬಸ್ಸಿನಲ್ಲಿ ಒಮ್ಮೆ ಹೋದೆ. ಡ್ರೈವರಣ್ಣ ಬ್ರೇಕ್ ಹಾಕಿದಾಗಲೆಲ್ಲ ಕೆಳಗಿನ ಸುರುಳಿ ಎಲ್ಲಿದೆ ಅಂತ ನಿಖರವಾಗಿ ಗೊತ್ತಾಗುತ್ತಿತ್ತು. ಮೆಟ್ಟಿಲು ಹತ್ತಿದರೆ ಮೂತ್ರ ಕೋಕಂ ಬಣ್ಣ. ರಾತ್ರಿಗೆ ನಾಳ ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆ ಕೊಟ್ಟಿದ್ದರು, ಕೊಂಚ ಹಗುರವಾಯಿತು. ಆಪರೇಷನ್ ಬೇಕಾದರೆ ಇನ್ನೊಮ್ಮೆ ಮಾಡಿಸಿಕೊಳ್ಳುವೆ, ಸ್ಟೆಂಟ್ ಬೇಡವೇ ಬೇಡ. ಕಲ್ಲು ಒಡೆದ ಮೇಲೂ ಒಂದು ಹಾಕಿದರು, ಅದು ಬೇರೆ ಕತೆ.

ಇದು ಅಮ್ಮನ ಬಸಳೆ ಚಪ್ಪರ. ಮರುವಾಯಿ ಅಂದರೆ ಚಿಪ್ಪುಮೀನು ಹಾಕಿದ ಬಸಳೆ ಇಲ್ಲದೆ ನಾನಿಲ್ಲ. ಆಟಿ ತಿಂಗಳು ಬಂದರೆ ಕೆಸುವಿನೆಲೆಯ ಪತ್ರೊಡೆ. ಬಸಳೆಯಲ್ಲೂ ಕೆಸುವಿನ ಎಲೆಯಲ್ಲೂ ಆಕ್ಸಲೇಟ್ ಅನ್ನುವ ಅಂಶ ಜಾಸ್ತಿ, ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು. ಕ್ಯಾಲ್ಸಿಯಂ ಅಂದದ್ದೇ ತಡ, ಅಮ್ಮ ಹಾಲು ಮೊಸರು ಬಂದ್ ಮಾಡಿದರು. ಡಾಕ್ಟರು ತಲೆ ಚಚ್ಚಿಕೊಂಡರು. ಊಟದ ಜೊತೆ ಮೊಸರು ಇದ್ದರೆ ಆಕ್ಸಲೇಟ್ ಹೊಟ್ಟೆಯಲ್ಲೇ ಅದರ ಕ್ಯಾಲ್ಸಿಯಂಗೆ ಅಂಟಿಕೊಂಡು ಹೊರಗೆ ಹೋಗುತ್ತದೆ. ಸೊಪ್ಪು ಬೇಯಿಸಿ ನೀರು ಚೆಲ್ಲಿದರೂ ಕಮ್ಮಿಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ ನೀರು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗಬೇಕು. ನಮ್ಮೂರ ಸೆಕೆಗೆ ಅರ್ಧ ನೀರು ಬೆವರಿಗೇ ಖರ್ಚು, ಅಲ್ವಾ? ಬಾಳೆದಿಂಡಿನ ಜ್ಯೂಸ್ ತಂದುಕೊಟ್ಟ ಪಕ್ಕದ ಮನೆ ಅಕ್ಕನಿಗೆ ಥ್ಯಾಂಕ್ಸ್. ಕಲ್ಲು ಜಪ್ಪಯ್ಯ ಅನ್ನಲಿಲ್ಲ. ಪಲ್ಯ ಮಾಡಿದ್ದರೆ ಚೆನ್ನಾಗಿರುತ್ತಿತ್ತು.

ಅಯ್ಯೋ, ಇದು ಸ್ಟೆಂಟ್ ತೆಗೆಯುವ ದಿನದ ಕ್ಲಿಪ್, ಬಂದೇಬಿಟ್ಟಿತು. ಒಳಗೆ ಶೂಟಿಂಗ್ ಬಿಡಲಿಲ್ಲ, ಬಾಗಿಲು ನೋಡಿ. ಮರಗಟ್ಟಿಸುವ ಜೆಲ್ಲಿ, ಮೂತ್ರಕೋಶದ ಒಳಗೆ ನೋಡುವ ಸಿಸ್ಟೋಸ್ಕೋಪ್, ಚಿಮುಟದಲ್ಲಿ ಹಿಡಿದು ಒಂದೇ ಎಳೆತ. ಟ್ರೇಯಲ್ಲಿರುವುದು ಅದೇ. ತುದಿಯಲ್ಲಿ ಆಗಲೇ ಪುಡಿ ಅಂಟಿದೆ. ತೆಗೆಸದೆ ಹಾಗೇ ಬಿಟ್ಟರೆ ಅದರ ಮೇಲೆಯೇ ಕಲ್ಲು ಕಟ್ಟಿ, ಅದನ್ನು ತೆಗೆಯಲು ಇನ್ನೊಂದು ಆಪರೇಷನ್. ಮರೆತು ವರ್ಷಗಟ್ಟಲೆ ಬಿಟ್ಟವರೂ ಇದ್ದಾರಂತೆ. ಹೇಗೆ ಮರೆಯುತ್ತಾರೋ! ಟೋಕನ್ ಕೂಗಿದರು, ಕಲ್ಲಿನ ಲ್ಯಾಬ್ ರಿಪೋರ್ಟ್ ಬಂದಿದೆಯಾ ನೋಡಿ ಬರುತ್ತೇನೆ.